ಐದು ಸಾವಿರದ ನಲವತ್ತು ಮಂದಿಯ ಊರು

ಬಹಳ ಹಿಂದೆ, ಹೆಸರು ಮರೆತುಹೋದ ಬೆಟ್ಟಗಳ ಆಚೆ, ಸಮನಗರಿ ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿ ಸರಿಯಾಗಿ ಐದು ಸಾವಿರದ ನಲವತ್ತು ಮಂದಿ. ಆ ಸಂಖ್ಯೆಯೆಂದರೆ ಅವರಿಗೆ ಎಲ್ಲಿಲ್ಲದ ಜಂಬ. ಒಂದರಿಂದ ಏಳರವರೆಗಿನ ಅಂಕಿಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವುದು ಅದೇ. ಎರಡೆರಡರಂತೆ ನಿಲ್ಲಲಿ, ಹತ್ತುಹತ್ತರಂತೆ ನಿಲ್ಲಲಿ, ನಡುವಿನ ಯಾವ ಲೆಕ್ಕದಲ್ಲೇ ನಿಲ್ಲಲಿ, ಒಬ್ಬರೂ ಮಿಗುತ್ತಿರಲಿಲ್ಲ. ಹೆಸರಿಡುವ ಮೊದಲೇ ತೀರಿಕೊಂಡ ಕೂಸನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದಕ್ಕಾಗಿ ಅಳುವಂತೆಯೂ ಇರಲಿಲ್ಲ.

ಸೋಮವ್ವೆಯ ಹೆಣ್ಣುಕೂಸು ಹಾಗೆ ಹೋಯಿತು. ಗಂಡ ಬೀರಣ್ಣ ಊರ ಹೊರಗೆ ಮಣ್ಣು ಮಾಡಿ, ಮೇಲೊಂದು ಕಲ್ಲಿಟ್ಟು ಬಂದ.

"ಬಿಡೇ, ನಮಗೆ ಮಕ್ಕಳೇ ಆಗಿರಲಿಲ್ಲ ಅಂದ್ಕೋ," ಎಂದ. ಹೇಳಿ, ಅತ್ತ ತಿರುಗಿ ಕಣ್ಣೊರೆಸಿಕೊಂಡ. ಸೋಮವ್ವೆ ದಿನವೂ ಕದ್ದು ಹೋಗಿ ಆ ಕಲ್ಲಿನ ಪಕ್ಕ ಅತ್ತು ಬರುತ್ತಿದ್ದಳು.

ಅವಳು ಹಾಗೆ ಹೋಗಿದ್ದಾಗಲೇ ಮಾಂತ್ರಿಕ ಧೂಮ್ರನೇತ್ರ ಬಂದು, ಊರಿನ ಜಂಬ ಸಹಿಸಲಾರದೆ, ಇದ್ದವರನ್ನೆಲ್ಲ ಕಲ್ಲು ಮಾಡಿದ. ಮರಳಿದ ಸೋಮವ್ವೆ ಗಂಡನ ಕಲ್ಲುಕೈ ಹಿಡಿದು ಕುಸಿದಳು.

"ನಿಮ್ಮೂರಲ್ಲಿ ಲೆಕ್ಕ ತಪ್ಪೋದೇ ಇಲ್ಲವಂತಲ್ಲ, ನೋಡೋಣ," ಎಂದ ಮಾಂತ್ರಿಕ. "ಮೂರು ಸಲ ಸಾಲು ಕಟ್ಟಿಸುತ್ತೇನೆ. ಒಂದು ಸಲವಾದರೂ ಕೊರತೆಯಿಲ್ಲದೆ ನಿಂತರೆ ಎಲ್ಲರೂ ಬದುಕುತ್ತಾರೆ. ಇಲ್ಲವಾದರೆ ಎಲ್ಲ ಹುಡಿ."

ಅವಳೊಬ್ಬಳು ತಪ್ಪಿದ್ದರಿಂದ ಕಲ್ಲುಗಳು ಐದು ಸಾವಿರದ ಮೂವತ್ತೊಂಬತ್ತು. ಅದು ಯಾವುದರಿಂದಲೂ ಭಾಗವಾಗದ ಮೊಂಡು ಸಂಖ್ಯೆ. ಆ ಕಳ್ಳನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಏಳೇಳರ ಸಾಲು ಎಂದ. ಕಲ್ಲುಗಳು ತಾವೇ ಸರಿದು ನಿಂತವು. ಕೊನೆಯಲ್ಲಿ ಒಂದು ಜಾಗ ಖಾಲಿ. ಸೋಮವ್ವೆ ಹೊಳೆಯ ಗುಂಡುಕಲ್ಲೊಂದನ್ನು ತಂದಿಟ್ಟಳು. "ಇದು ನಿಮ್ಮೂರವರಲ್ಲ," ಎಂದು ಅವನು ಒದ್ದ.

ಒಂಬತ್ತೊಂಬತ್ತರ ಸಾಲು ಎಂದ. ಮತ್ತೆ ಒಂದು ಜಾಗ ಖಾಲಿ. ಸೋಮವ್ವೆ ತಾನೇ ಹೋಗಿ ನಿಂತಳು. "ಉಸಿರಾಡುವವರು ಕಲ್ಲಿನ ಲೆಕ್ಕಕ್ಕಿಲ್ಲ," ಎಂದು ತಳ್ಳಿದ.

ಹತ್ತುಹತ್ತರ ಸಾಲು ಎಂದ. ಮತ್ತೆ ಒಂದು ಜಾಗ ಖಾಲಿ. ಸೋಮವ್ವೆ ಊರ ಹೊರಗೆ ಓಡಿ, ಕೂಸಿನ ಮೇಲಿದ್ದ ಕಲ್ಲನ್ನು ಸೆರಗಿನಲ್ಲಿ ಸುತ್ತಿ ತಂದಳು.

"ಇದು ಯಾರು?"

"ನನ್ನ ಮಗಳು."

"ಹೆಸರಿಲ್ಲದವರು ಲೆಕ್ಕಕ್ಕಿಲ್ಲ. ಹೇಳಿದ್ದು ನಾನಲ್ಲ, ನಿಮ್ಮೂರು."

ಸೋಮವ್ವೆ ಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಕಿವಿಯಿರಬೇಕಾದ ಕಡೆ ಬಾಯಿಟ್ಟು, "ಹೊನ್ನಿ, ಹೊನ್ನಿ, ಹೊನ್ನಿ," ಎಂದು ಕರೆದಳು. ಅಳುತ್ತಲೇ ಅದನ್ನು ಖಾಲಿ ಜಾಗದಲ್ಲಿಟ್ಟಳು.

ಧೂಮ್ರನೇತ್ರ ಹೊಗೆಯಾಗಿ ಹೋದ. ಬೀರಣ್ಣ ಕಣ್ಣುಬಿಟ್ಟ. ಊರೆಲ್ಲ ಉಸಿರಾಡಿತು. ಒಂದು ಕಲ್ಲು ಮಾತ್ರ ಕಲ್ಲಾಗಿಯೇ ಉಳಿಯಿತು. ಪಾಪ, ಸೋಮವ್ವೆ ಅದರ ಮುಂದೆ ತುಂಬ ಹೊತ್ತು ಕಾದಳು. ಆಮೇಲೆ ಬೀರಣ್ಣ ಬಂದು ಪಕ್ಕದಲ್ಲಿ ಕೂತು, ಎಲ್ಲರೆದುರೇ ಗೊಳೋ ಎಂದು ಅತ್ತ. ಊರವರೂ ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು.

ಅಂದಿನಿಂದ ಊರಿನ ಲೆಕ್ಕ ಐದು ಸಾವಿರದ ನಲವತ್ತೊಂದು. ಎರಡೆರಡು, ಏಳೇಳು, ಹತ್ತುಹತ್ತು, ಹೇಗೆ ಪಂಕ್ತಿ ಹಾಕಿದರೂ ಒಂದು ಎಲೆ ಮಿಗುತ್ತದೆ. ಅದನ್ನು ಯಾರೂ ಎತ್ತುವುದಿಲ್ಲ. ಮೊದಲು ಆ ಎಲೆಗೆ ಬಡಿಸಿ, ಆಮೇಲೆ ಎಲ್ಲರೂ ಸುಖವಾಗಿ ಉಣ್ಣುತ್ತಾರೆ.