ಇಲ್ಲದ ಸೇತುವೆ

ಹಪ್ಪಳ ಕದ್ದ ಕಾಗೆಯನ್ನು ಅಟ್ಟಿಸಿಕೊಂಡು ಸುಪ್ರೀತಮ್ಮ ತಾರಸಿಯ ಮೋಟುಗೋಡೆ ಹತ್ತಿ, ಎದುರು ಕಟ್ಟಡಕ್ಕೆ ಹಾಕಿದ ಸೇತುವೆಯ ಮೇಲೆ ಓಡಿದರು. ನಿಜದಲ್ಲಿ ಅವರು ವಿಡಿಯೋ ಆಟದ ಕನ್ನಡಕ ಹಾಕಿಕೊಂಡು ಮಂಗಳೂರಿನ ಫ್ಲ್ಯಾಟಿನ ಸೋಫಾದ ಮುಂದೆ ನಿಂತಿದ್ದರು. ವಾಂತಿಯಾಗಲಿಲ್ಲ. ಆ ಕನ್ನಡಕ ಮಾಡಿದ ಸೊಸೆ ಅನ್ವಿತಾ ಗೆದ್ದಳು.

ಶಿರಾಡಿ ಘಾಟಿಯ ಎರಡನೆಯ ತಿರುವಿಗೇ ವಾಂತಿಗೆಂದು ಬಸ್ಸು ನಿಲ್ಲಿಸುತ್ತಿದ್ದ ಅತ್ತೆಗಿಂತ ನಂಬಿಕಸ್ಥ ಮಾಪಕ 2058ರಲ್ಲೂ ಯಾವ ಪ್ರಯೋಗಾಲಯದಲ್ಲಿಯೂ ಇರಲಿಲ್ಲ. ವಿಡಿಯೋ ಆಟವೆಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳು, ಫ್ರೇಮುಗಳು. ಅವು ಕಡಿಮೆಯಾದರೆ ತಲೆ ತಿರುಗಿಸಿದ ಮೇಲೆ ನೋಟ ತಡವಾಗಿ ಬರುತ್ತದೆ. ಕಣ್ಣಿಗೂ ಒಳಕಿವಿಗೂ ಜಗಳವಾಗಿ ಹೊಟ್ಟೆ ತೊಳಸುತ್ತದೆ. ಅನ್ವಿತಾಳ ಕನ್ನಡಕ ಸೆಕೆಂಡಿಗೆ ಎರಡು ಸಾವಿರ ಫ್ರೇಮು ಓಡಿಸುತ್ತ, ಕಿವಿಯ ಹಿಂದೆ ನವಿರಾಗಿ ವಿದ್ಯುತ್ತು ಹರಿಸಿ ಕಣ್ಣನ್ನೂ ಕಿವಿಯನ್ನೂ ರಾಜಿ ಮಾಡಿಸಿತ್ತು. ಪರೀಕ್ಷೆಗೆಂದು ಬೇರೆ ಊರು ಕಟ್ಟುವ ಬದಲು ಸೋಮಾರಿತನದಿಂದ ಅವಳು ತಮ್ಮ ತಾರಸಿಯನ್ನೇ ಆಟಕ್ಕೆ ಇಳಿಸಿದ್ದಳು. ಅಡ್ಡಗಾಲು ಹಾಕುವ ಖಳನಾಯಕಿಯಾಗಿ, ತಮಾಷೆಗೆ, ತನ್ನನ್ನೇ.

ಅತ್ತೆ ದಿನಾ ಆಡತೊಡಗಿದ ಒಂದು ವಾರದ ಮೇಲೆ, ಒಂದು ಮಧ್ಯಾಹ್ನ, ಅವರು ಮನೆಯೊಳಗೆ ಕಾಣಲಿಲ್ಲ. ಹಪ್ಪಳ ತರಲು ನಿಜವಾದ ತಾರಸಿಗೇ ಹೋಗಿದ್ದರು, ಹಗುರವಾದ ಕನ್ನಡಕ ತೆಗೆಯಲು ಮರೆತು. ತಾರಸಿ ಕಂಡೊಡನೆ ಅದರಲ್ಲಿ ಆಟ ತಾನಾಗಿ ಶುರುವಾಗಿತ್ತು. ಅನ್ವಿತಾ ಓಡಿಬಂದಾಗ ಅವರ ಒಂದು ಕಾಲು ಮೋಟುಗೋಡೆಯ ಮೇಲಿತ್ತು. ಆಚೆ, ಹದಿನಾಲ್ಕು ಮಹಡಿ ಕೆಳಗೆ, ರಸ್ತೆ.

"ಅತ್ತೆ, ನಿಲ್ಲಿ! ಅಲ್ಲಿ ಸೇತುವೆ ಇಲ್ಲ!"

"ಹೋಗು ಮಾರಾಯ್ತಿ. ದಿನಾ ಇದನ್ನೇ ಹೇಳುದಲ್ವಾ ನೀನು?"

"ಇದು ಆಟ ಅಲ್ಲ, ನಿಜ!"

"ಅದನ್ನೂ ಹೇಳ್ತಿ. ನಿನ್ನೆ ಅತ್ತು ಕೂಡ ತೋರಿಸಿದ್ದಿ."

ಆ ಮಾತುಗಳನ್ನು ಬರೆದವಳು ಅವಳೇ. ಖಳನಾಯಕಿ ಹತ್ತಿರ ಬಂದರೆ ಜಿಗಿಯಬೇಕೆಂಬ ನಿಯಮ ಮಾಡಿದವಳೂ ಅವಳೇ. ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆದಳು.

ಆಟ ಆರಿಸಿದರೆ ಕನ್ನಡಕ ಕತ್ತಲಾಗಿ ಅತ್ತೆ ಕಾಲು ತಪ್ಪಬಹುದು. ಫೋನಿನಲ್ಲಿ ಫ್ರೇಮುಗಳನ್ನು ಹನ್ನೆರಡಕ್ಕೆ ಇಳಿಸಿ, ಕಿವಿಯ ವಿದ್ಯುತ್ತು ನಿಲ್ಲಿಸಿದಳು. ಅತ್ತೆ ತೂಗಾಡಿದರು. ಮುಂದಕ್ಕೋ? ಹಿಂದಕ್ಕೋ?

ತಲೆ ಸುತ್ತಿದರೆ ಕೂತುಬಿಡುವ, ಘಾಟಿಯಲ್ಲಿ ಕಲಿತ ಅಭ್ಯಾಸ ಕೈಬಿಡಲಿಲ್ಲ. ಸುಪ್ರೀತಮ್ಮ ಕಾಲಿಳಿಸಿ, ತಲೆ ಹಿಡಿದುಕೊಂಡು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಉಂಡದ್ದನ್ನೆಲ್ಲ ಕಕ್ಕಿದರು. ಅನ್ವಿತಾ ಹಾರಿ ಅವರ ಕನ್ನಡಕ ಕಿತ್ತೆಸೆದಳು.

"ದರಿದ್ರದವಳೇ, ಕೆಡಿಸಿದ್ಯಲ್ಲ ಆಟವನ್ನು!" ಎಂದ ಅತ್ತೆ, ಗೋಡೆಯಾಚೆ ಇಣುಕಿ ಸೊಸೆಯ ರಟ್ಟೆ ಹಿಡಿದುಕೊಂಡರು. ಬಿಡಲಿಲ್ಲ. "ಅನ್ವಿ... ಸೇತುವೆ ಎಲ್ಲಿ?"

ಅನ್ವಿತಾಳೂ ಕೆಳಗೆ ನೋಡಿದಳು. ಅವಳ ಹೊಟ್ಟೆ ತೊಳಸಲಿಲ್ಲ. ಅದಕ್ಕೇ ಹೆದರಿಕೆಯಾಯಿತು, ತಾನೂ ಆಟದೊಳಗಿದ್ದೇನೆಯೇ ಎಂದು. ಕನ್ನಡಕ ಇದೆಯೇ ಎಂದು ಕೈ ತಾನಾಗಿ ತನ್ನ ಕಿವಿಯ ಹಿಂದೆ ತಡಕಿತು.

ಹಿಂದಿನವರು ಪರದೆ ನೋಡುತ್ತ ಹೊಟ್ಟೆ ತೊಳಸಿದಾಗ ಯಂತ್ರಕ್ಕೆ ಬೈಯುತ್ತಿದ್ದರಂತೆ. ಆ ತೊಳಸಾಟದಿಂದಲೇ ತಮ್ಮ ಕಾಲು ಎಲ್ಲಿದೆಯೆಂದು ಆ ಪುಣ್ಯವಂತರಿಗೆ ಗೊತ್ತಿತ್ತು.