ಮಾತಾಡಂಗಿಲ್ಲ

“ಶರಣ್ಯಾ ಅವರು ಮಾತಾಡಂಗಿಲ್ಲ ಸರ್.”

ಅರ್ಧ ತೆರೆದ ಬಾಗಿಲಾಚೆಯಿಂದ ಈ ಮಾತು ಬಂದದ್ದೇ ತಡ, ಹಿಡಿಕೆಗೆ ಚಾಚಿದ್ದ ಶರಣ್ಯಾಳ ಕೈ ಅಲ್ಲೇ ನಿಂತಿತು. ಹೇಳಿದವನು ಶಿವಪ್ರಕಾಶ. ದಿನಾ ಕ್ಯಾಂಟೀನಿನಲ್ಲಿ ಅವಳ ಎದುರಿನ ಕುರ್ಚಿಯನ್ನು ಕೇಳದೆ ಎಳೆದುಕೊಂಡು, ತನ್ನ ಡಬ್ಬಿಯ ಶೇಂಗಾ ಚಟ್ನಿಯನ್ನು ಅವಳ ತಟ್ಟೆಗೆ ಸುರಿದು, “ನೀವು ಉಣ್ರಿ, ಮಾತಾಡೋ ಕೆಲಸ ನಂದು” ಅನ್ನುತ್ತಿದ್ದ ಕ್ವಾಲಿಟಿ ವಿಭಾಗದ ಅದೇ ಶಿವಪ್ರಕಾಶ. ಹೇಳಿಸಿಕೊಂಡವರು ಪ್ಲಾಂಟ್ ಹೆಡ್ ಗೂಳಪ್ಪ ಸಾಹೇಬರು.

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ. ಮಾತಾಡಂಗಿಲ್ಲವಂತೆ. ಮಾತಾಡಬಾರದು ಅನ್ನಲು ಇವನ್ಯಾವ ದೊಣ್ಣೆನಾಯಕ?

ಮೌನ ಬಂಗಾರ ಅಂತಾರೆ. ಮರಾಠಿ ನಾಡಿನ ಚಾಕಣದ ಆ ಫ್ಯಾಕ್ಟರಿಯಲ್ಲಿ ಮಾತ್ರ ಆ ಬಂಗಾರಕ್ಕೆ ಗಿರಾಕಿ ಇರಲಿಲ್ಲ. ಕಾರಿನ ಹೊಟ್ಟೆಯೊಳಗೆ ಹರಿದಾಡುವ ತಂತಿಗಳನ್ನು ಜೋಡಿಸಿ ಕಟ್ಟುವ ಕೆಲಸ ಅಲ್ಲಿಯದು. ಕೊಳ್ಳೇಗಾಲದಿಂದ ಬಂದು ಇನ್ನೂ ವರ್ಷ ತುಂಬಿರದ ಶರಣ್ಯಾ ಒಂದು ಲೈನಿಗೆ ಟೀಮ್ ಲೀಡರ್. ಪಕ್ಕದ ಲೈನಿನ ಸುಖೇಶ್ ಬೆಳಿಗ್ಗೆ ಎದ್ದು ಒದರಿದರೆ ಗೇಟಿನ ವಾಚ್‌ಮನ್‌ಗೂ ಜೋಶ್ ಬರುತ್ತಿತ್ತು. ಇವಳು ಒದರುವವಳಲ್ಲ. ಒಬ್ಬೊಬ್ಬರ ಬಳಿ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಹರಕು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಕಾಲ್ ಕಾಯ್ ಖಟಕಲಂ?” ನಿನ್ನೆ ಏನು ಕಿರಿಕಿರಿಯಾಯ್ತು?

ಕೇಳಿ ಸುಮ್ಮನೆ ಕಾಯುತ್ತಿದ್ದಳು. ಮೊದಮೊದಲು ಎಲ್ಲರೂ “ಕಾಹೀ ನಾಹೀ”, ಏನೂ ಇಲ್ಲ, ಅಂದು ತಲೆ ತಗ್ಗಿಸಿದರು. ಅವಳು ಕದಲಲಿಲ್ಲ. ಸುಮ್ಮನೆ ಎದುರು ನಿಂತವರನ್ನು ಎಷ್ಟು ಹೊತ್ತು ಅಂತ ತಡೆದುಕೊಳ್ಳುವುದು? ಒಬ್ಬೊಬ್ಬರೇ ಬಾಯಿ ಬಿಟ್ಟರು. ಲೈನಿನ ತಪ್ಪುಗಳು ಕಡಿಮೆಯಾದವು. ಆದರೆ ಸಾಹೇಬರ ಕಿವಿಗೆ ಬೇಕಾದದ್ದು ಸದ್ದು.

“ಲೀಡರ್ ಅಂದ್ರ ದನಿ ಇರಬೇಕವಾ,” ಎಂದಿದ್ದರು ಸಾಹೇಬರು. “ಶುಕ್ರವಾರ ಕಾರ್ ಕಂಪನಿಯವ್ರು ಬರ್ತಾರ. ಸ್ಟೇಜ್ ಮ್ಯಾಲೆ ನಿಂತು ನಿಮ್ಮ ಮಂದಿಗೆ ಜೋಶ್ ಬರೋ ಹಂಗ ನಾಕ್ ಮಾತ್ ಆಡ್ರಿ. ಇಲ್ಲಾಂದ್ರ ನಿಮ್ಮ ಲೈನೂ ಸುಖೇಶಗ ಕೊಡ್ತೀನಿ.”

ಅಂಥ ಸಭೆಯಲ್ಲಿ ಅವಳು ಮಾತಾಡಂಗಿಲ್ಲವಂತೆ. ಲೈನ್ ಹೋಗುತ್ತದೆ ಅನ್ನುವುದಕ್ಕಿಂತ, ಹೇಳಿದವನು ಅವನು ಅನ್ನುವುದೇ ಅವಳನ್ನು ಹೆಚ್ಚು ಉರಿಸಿತು.

ಯಾಕೆಂದರೆ, ಹೇಳಿಬಿಡೋಣ, ಅವಳಿಗೆ ಅವನು ಇಷ್ಟವಾಗಿದ್ದ. ಅಲ್ಲೇ ಹತ್ತಿರದ ಪಿಂಪ್ರಿಯಲ್ಲಿ ಹುಟ್ಟಿ ಬೆಳೆದ ಗದಗದ ಬಟ್ಟೆ ವ್ಯಾಪಾರಿಗಳ ಮನೆಯ ಹುಡುಗ. ಮೂರು ಭಾಷೆಯಲ್ಲಿ ಹರಟುತ್ತಿದ್ದ. ಇಂಥ ವಾಚಾಳಿ, ಅವಳ ತುಟಿ ಒಂದಿಷ್ಟು ಅಲುಗಿದರೆ ಸಾಕು, ಬಾಯಲ್ಲಿದ್ದ ಜೋಕನ್ನು ಅರ್ಧಕ್ಕೆ ನುಂಗಿಕೊಂಡು, ಹುಬ್ಬು ಮೇಲೆತ್ತಿ ಕಾಯುತ್ತಿದ್ದ. ಆ ಕಾಯುವ ಕಣ್ಣುಗಳನ್ನು ನೋಡಲೆಂದೇ ಅವಳು ಕೆಲವು ಸಲ ಸುಮ್ಮಸುಮ್ಮನೆ ತುಟಿ ಅಲುಗಿಸಿದ್ದುಂಟು.

ಒಮ್ಮೆ ಅವನು ಲೋಟ ಆಚೆ ಸರಿಸಿ, “ನಾ ಚಹಾ ಕುಡಿಯಂಗಿಲ್ರಿ” ಅಂದಿದ್ದ. ಪಾಪ, ಈ ವಯಸ್ಸಿಗೇ ಡಾಕ್ಟರು ಬೇಡ ಅಂದಿದ್ದಾರಲ್ಲ ಎಂದು ಅವಳ ಕರುಳು ಚುರುಕ್ ಅಂದಿತ್ತು. ಮರುದಿನದಿಂದ ಮನೆಯಿಂದ ಒಗ್ಗರಣೆ ಮಜ್ಜಿಗೆ ತರತೊಡಗಿದಳು. ಅವನು ಯಾಕೆ ಏನು ಎಂದು ಕೇಳದೆ, ಮೀಸೆಗೆ ಅಂಟಿದ ಕರಿಬೇವನ್ನೂ ಬಿಡದೆ ಕುಡಿಯುತ್ತಿದ್ದ.

ಅಂಥವನಿಗೆ ಈಗ ಮಜ್ಜಿಗೆ ಬಂದ್. ಅವಳು ತನ್ನ ಲೈನಿನ ಸೋನಾಲಿಯ ಪಕ್ಕ ಕೂತು ಉಂಡಳು. ಅವನು ಎರಡು ಸಲ ಬಂದು, “ಏನಾತ್ರಿ?” ಎಂದ. ಅವಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನು ಚಟ್ನಿಯ ಡಬ್ಬಿ ಅಲ್ಲೇ ಇಟ್ಟು ಹೋದ. ಅವಳು ಮುಟ್ಟಲಿಲ್ಲ. ಸೋನಾಲಿ ಎಲ್ಲಾ ಬಳಿದು ತಿಂದು, ಮರಾಠಿಯಲ್ಲಿ ಸುದ್ದಿ ಹೇಳಿದಳು. ಶಿವಾ ಸರ್‌ಗೆ ನಾಶಿಕ್ ಪ್ಲಾಂಟಿಗೆ ಪ್ರಮೋಶನ್ ಆಗಿದೆಯಂತೆ.

ಹೋಗಲಿ, ಎಂದುಕೊಂಡಳು ಶರಣ್ಯಾ. ಆಮೇಲೆ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಶುಕ್ರವಾರ ಬಂತು. ಕಾರು ಕಂಪನಿಯವರು ಮುಂದಿನ ಸಾಲಿನಲ್ಲಿ ಕೂತರು. ಸುಖೇಶ್ ಮೈಕಿನಲ್ಲಿ ಗರ್ಜಿಸಿದ. ಅವನ ಮಂದಿ ಕೈ ಎತ್ತಿ ಕೂಗಿದರು. ಇನ್ನಿಬ್ಬರು ಲೀಡರುಗಳೂ ಕೂಗಿದರು. ಶರಣ್ಯಾಳ ಹೆಸರನ್ನು ಯಾರೂ ಕರೆಯಲಿಲ್ಲ.

ಕರೆಯದಿದ್ದರೆ ಬಿಡುವವಳೇ? ಹತ್ತು ಸಲ ಕರೆದಿದ್ದರೂ ಹೋಗಲು ಹಿಂಜರಿಯುತ್ತಿದ್ದ ಹುಡುಗಿ, ಬೇಡ ಅಂದರು ಎಂಬ ಒಂದೇ ಕಾರಣಕ್ಕೆ ಎದ್ದು ನಡೆದಳು. ಗೂಳಪ್ಪ ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಗೋಡೆಗೆ ಒರಗಿದ್ದ ಶಿವಪ್ರಕಾಶ ನೆಟ್ಟಗಾದ.

“ನಾನು ಕೂಗಲ್ಲ,” ಎಂದಳು ಹಿಂದಿಯಲ್ಲಿ. “ನನ್ನ ಟೀಮಿಗೆ ಕಿವಿ ಚೆನ್ನಾಗಿದೆ, ಕೂಗೋದು ಬೇಕಾಗಿಲ್ಲ. ನಾವು ದಿನಾ ಮಾಡೋದನ್ನೇ ಮಾಡ್ತೀನಿ.” ಆಮೇಲೆ ತನ್ನ ಹರಕು ಮರಾಠಿಯಲ್ಲಿ ಇಡೀ ಸಭೆಗೆ ಕೇಳಿದಳು. “ಕಾಲ್ ಕಾಯ್ ಖಟಕಲಂ?”

ಕೇಳಿ, ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಸಾಹೇಬರು ಕೆಮ್ಮಿದರು. ಯಾರೋ ಕಿಸಕ್ಕೆಂದರು. ಅವಳಿಗೆ ಅಳು ಬರುವಂತಾಯಿತು. ಆದರೆ ಕಾಯುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಕಣ್ಣು ತಿರುಗಿಸಿದಾಗ ಶಿವಪ್ರಕಾಶ ಕಂಡ. ಹುಬ್ಬು ಮೇಲೆತ್ತಿ, ಅವಳ ಜೊತೆಗೆ ಅವನೂ ಕಾಯುತ್ತಿದ್ದ. ಹಾಳಾದವನ ಮೇಲೆ ಸಿಟ್ಟಿದ್ದರೂ ಎದೆಗೆ ಧೈರ್ಯ ಬಂತು.

ಸೋನಾಲಿ ಎದ್ದಳು. ಗ್ಲೌಸು ಬೆರಳ ತುದಿಯಲ್ಲಿ ಹರಿಯುತ್ತೆ, ಬಿಚ್ಚಿಟ್ಟು ಕೆಲಸ ಮಾಡ್ತೀವಿ ಎಂದಳು. ಮತ್ತೊಬ್ಬರು ಟೇಬಲ್ಲಿನ ಮೇಲಿನ ಲೈಟಿನ ಬಗ್ಗೆ ಹೇಳಿದರು. ಕೊನೆಗೆ ಎದ್ದವರು ಸುಖೇಶನ ಲೈನಿನ ಒಬ್ಬ ಹಿರಿಯರು. ಸಾಹೇಬರ ಕಡೆ ನೋಡದೆ, ಒದರಾಟ ಜಾಸ್ತಿಯಾದ ದಿನ ಅನುಮಾನ ಇದ್ದ ಪೀಸನ್ನೂ ಬಾಯಿ ಮುಚ್ಚಿಕೊಂಡು ಮುಂದೆ ತಳ್ಳುತ್ತೇವೆ ಎಂದುಬಿಟ್ಟರು. ಸುಖೇಶನ ಮುಖ ಕಪ್ಪಿಟ್ಟಿತು. ಕಾರು ಕಂಪನಿಯವರು ಕುರ್ಚಿ ಹಿಂದಕ್ಕೆ ತಿರುಗಿಸಿಕೊಂಡು ಕೂತರು. ಚಹಾ ತಣ್ಣಗಾಗುವವರೆಗೂ ಮಂದಿ ಏಳುತ್ತಲೇ ಇದ್ದರು, ಅವಳು ಕೇಳುತ್ತಲೇ ಇದ್ದಳು.

ಎಲ್ಲ ಮುಗಿದ ಮೇಲೆ ಗೂಳಪ್ಪ ಸಾಹೇಬರು ಅವಳ ಬಳಿ ಬಂದರು. “ಲೈನ್ ನಿಮ್ಮ ಕಡೇನ ಇರ್ಲಿ. ಸುಖೇಶನ ಮಂದೀನೂ ಒಂದೀಟ್ ನೋಡ್ರಿ. ಆದ್ರ ಇನ್ನೊಮ್ಮೆ ಸ್ವಲ್ಪ ಜೋರಾಗಿ ಮಾತಾಡ್ರೆವಾ.”

“ಇಲ್ಲ ಸರ್,” ಎಂದಳು ಶರಣ್ಯಾ ಮೆಲ್ಲಗೆ.

ಸಾಹೇಬರಿಗೆ ಅದು ಸರಿಯಾಗಿಯೇ ಕೇಳಿಸಿತು.

ಶಿಫ್ಟ್ ಮುಗಿದಾಗ ಶಿವಪ್ರಕಾಶ ಬೈಕ್ ಸ್ಟ್ಯಾಂಡಿನಲ್ಲಿ ಅವಳ ದಾರಿಗೆ ಅಡ್ಡ ನಿಂತಿದ್ದ.

“ಭಾಳ ಚಂದ ಮಾಡಿದ್ರಿ,” ಎಂದ. “ಈಗರ ಹೇಳ್ರಿ, ನನ್ನ ತಪ್ಪೇನು?”

“ನೀವೇ ತಾನೆ ಸಾಹೇಬ್ರಿಗೆ ಹೇಳಿದ್ದು, ನಾನು ಮಾತಾಡಂಗಿಲ್ಲ ಅಂತ?”

“ಹೌದ್ರಿ, ಹೇಳೀನಿ. ಮಾತಾಡಂಗಿಲ್ಲಲ್ಲ ನೀವು?”

“ಯಾಕ್ ಮಾತಾಡಂಗಿಲ್ಲ? ಮಾತಾಡಬಾರದು ಅನ್ನೋಕೆ ನೀವ್ಯಾರು?”

“ಮಾತಾಡಬಾರದು ಅಂತ ಯಾರಂದ್ರು? ಮಾತಾಡಂಗಿಲ್ಲ ಅಂದ್ರ... ಮಾತಾಡಲ್ಲ ಅಂತ್ರಿ, ನಿಮ್ಮ ಕಡೆ ಅಂತಾರಲ್ಲ, ಹಂಗ. ‘ಅವರು ಮಾತಾಡಂಗಿಲ್ಲ ಸರ್, ಆದ್ರ ಅವರ ಲೈನಿಗೆ ಬಂದು ನೋಡ್ರಿ, ಮಂದಿ ಹೆಂಗ ಮಾತಾಡ್ತಾರ’ ಅಂದೆ.”

ಶರಣ್ಯಾಳ ಕಿವಿ ಬಿಸಿಯಾಯಿತು. “ನಮ್ಮ ಕಡೆ ಬರಂಗಿಲ್ಲ ಅಂದ್ರೆ ಬರಬಾರದು ಅಂತ.” ಥಟ್ಟನೆ ಇನ್ನೊಂದು ಹೊಳೆಯಿತು. “ಹಾಗಾದ್ರೆ ಚಹಾ? ಡಾಕ್ಟರು?”

“ಯಾವ ಡಾಕ್ಟರ್? ನನಗ ಚಹಾ ಸೇರಂಗಿಲ್ಲ ಅಷ್ಟ.” ಅವನಿಗೆ ಈಗ ಅರ್ಥವಾಯಿತು. “ಅಂದ್ರ ಇಷ್ಟ ದಿನ ನೀವು ಮಜ್ಜಿಗಿ ಕೊಟ್ಟಿದ್ದು ನಾ ರೋಗಿ ಅಂತೇನು?”

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೂ ಬಿಟ್ಟುಕೊಡಲಿಲ್ಲ. “ಏನೇ ಆಗ್ಲಿ, ನನ್ನ ಮೌನಕ್ಕೆ ವಕೀಲರು ಬೇಕಾಗಿಲ್ಲ. ಇನ್ಮೇಲೆ ನನ್ನ ಪರ ಮಾತಾಡೋದಾದ್ರೆ ನನ್ನನ್ನ ಕೇಳಿ.”

“ಖರೆ ಅದ. ತಪ್ಪಾತು,” ಎಂದ ಅವನು. ಅದಕ್ಕೆ ಬಾಲವಾಗಿ ಜೋಕು ಬರಲಿಲ್ಲ. ಬೈಕಿನ ಕೀಲಿಯನ್ನು ಬೆರಳಿಗೆ ಸುತ್ತುತ್ತ ನಿಂತ. “ನಾಶಿಕ್ ವಿಷಯ ಕೇಳಿರಬೇಕು. ಸೋಮವಾರ ಉತ್ತರ ಕೊಡಬೇಕು.”

ಅವಳ ತುಟಿ ಅಲುಗಿತು. ಅವನು ಹುಬ್ಬೆತ್ತಿ ಕಾದ. ಕಂಪನಿಯ ಬಸ್ಸು ಹಾರನ್ ಹೊಡೆದು ಹೊರಟೇ ಹೋಯಿತು. ಅವನು ಕಾಯುತ್ತಲೇ ಇದ್ದ.

“ನೀವು ಹೋಗಂಗಿಲ್ಲ,” ಎಂದಳು ಶರಣ್ಯಾ.

“ಯಾರ ಕನ್ನಡದಾಗ್ರಿ? ನಿಮ್ಮದೋ, ನಮ್ಮದೋ?”

“ನಮ್ಮೂರ ಕನ್ನಡದಲ್ಲಿ.”

ಅವನ ಕಣ್ಣು ತುಂಬಿ ಬಂತು, ಮಾತಿನ ಮಲ್ಲನ ದನಿ ಅವಳದಕ್ಕಿಂತ ಸಣ್ಣಗಾಯಿತು.

“ಹಂಗಾರ ನಮ್ಮೂರ ಕನ್ನಡದಾಗ ಉತ್ತರ ತಗೋರಿ,” ಎಂದ. “ನಾ ಹೋಗಂಗಿಲ್ಲ.”