ಗಾಜಿನಾಚೆಯಿಂದ ಕಂಡ ಗಂಟು

“ಇನ್ನೊಂದ್ಸಲ ಉಗುಳು ನುಂಗಿ, ಪ್ಲೀಸ್...”

ಅವಳಿಗೆ ಕೋಪ ನೆತ್ತಿಗೇರಿತು. ಮಕ್ಕಳ ಕಥೆಗಳನ್ನು ಮೈಕಿನ ಮುಂದೆ ಓದುವುದು ಅವಳ ಕೆಲಸ. ಈ ಸ್ಟುಡಿಯೋದಲ್ಲಿ ಇವತ್ತೇ ಮೊದಲ ದಿನ. ಗಾಜಿನಾಚೆ ಕೂತ ರೆಕಾರ್ಡಿಸ್ಟ್ ಅವಳ ಕತ್ತನ್ನೇ ನೋಡುತ್ತಿದ್ದಾನೆ!

“ಏನ್ರೀ ಹಾಗೆ ನೋಡ್ತಿದೀರಾ?”

“ನುಂಗೋ ಸದ್ದು ಕತ್ತರಿಸ್ಬೇಕಲ್ಲ ಮೇಡಂ, ಎಲ್ಲರ ಕತ್ತೂ ನೋಡ್ತೀನಿ. ಆದ್ರೆ ನಿಮಗೆ... ಬಲಗಡೆ ಏನೋ ಗಂಟು ಮೇಲೆ ಕೆಳಗೆ ಹೋಗ್ತಿದೆ. ಡಾಕ್ಟರ್‌ಗೆ ತೋರಿಸಿ.”

ಅಧಿಕಪ್ರಸಂಗಿ! ಬೈದುಕೊಂಡೇ ತೋರಿಸಿದಳು. ಥೈರಾಯ್ಡ್ ಗಂಟು. ಸೂಜಿ ಚುಚ್ಚಿ ನೋಡಿದರೂ ಕ್ಯಾನ್ಸರ್ ಹೌದೋ ಅಲ್ಲವೋ ಖಚಿತವಾಗಲಿಲ್ಲ, ಅನುಮಾನವಂತೂ ಉಳಿಯಿತು.

ಸರ್ಜನ್ ಎರಡು ದಾರಿ ಹೇಳಿದರು. ಗಂಟಿರುವ ಅರ್ಧ ಗ್ರಂಥಿಯನ್ನಷ್ಟೇ ತೆಗೆದರೆ ಧ್ವನಿಯ ನರಕ್ಕೆ ಅಪಾಯ ಕಡಿಮೆ, ಮಾತ್ರೆಯೂ ಬೇಕಾಗದಿರಬಹುದು. ಆದರೆ ಕ್ಯಾನ್ಸರ್ ಎಂದಾದರೆ ಮತ್ತೊಮ್ಮೆ ಆಪರೇಷನ್ ಬೇಕಾದೀತು. ಪೂರ್ತಿ ತೆಗೆದರೆ ಒಂದೇ ಸಲಕ್ಕೆ ಮುಗಿದೀತು. ಆದರೆ ಜೀವನಪೂರ್ತಿ ಮಾತ್ರೆ, ಎರಡೂ ಕಡೆಯ ನರಗಳಿಗೆ ಅಪಾಯ.

“ಪೂರ್ತಿ ತೆಗೆಸ್ಬಿಡೇ, ಪೀಡೆ ತೊಲಗ್ಲಿ,” ಎಂದರು ಅಮ್ಮ.

ಆ ರೆಕಾರ್ಡಿಸ್ಟ್ ಏನು ಹೇಳಬಹುದು? ಅವನನ್ನು ಯಾಕೆ ಕೇಳಬೇಕು ನಾನು?... ದಿನವೂ ರೆಕಾರ್ಡಿಂಗ್ ನಡೆಯುತ್ತಿದ್ದು, ಅಷ್ಟರಲ್ಲಾಗಲೇ ಅವನ ಜೊತೆ ಜಗಳವಾಡದ ದಿನ ಸಪ್ಪೆ ಎನಿಸತೊಡಗಿತ್ತು.

ಕೇಳಿಯೇಬಿಟ್ಟಳು.

“ಈಗ ರೆಕಾರ್ಡ್ ಮಾಡ್ತಿರೋ ಪುಸ್ತಕದಲ್ಲಿ ಉಳಿದಿರೋದನ್ನೆಲ್ಲ ಮೊದಲು ಓದಿ ಮುಗಿಸ್ಬಿಡಿ,” ಎಂದ ಅವನು!

ಅವಳ ಕಣ್ಣು ತುಂಬಿತು. “ಧ್ವನಿ ಹೋಗೋಕೆ ಮುಂಚೆ ಹಿಡಿದಿಟ್ಕೊಳ್ಳೋ ಆತುರವಾ? ನಾನು ಏನಾದ್ರೂ ಆಗ್ಲಿ... ಧ್ವನಿ ಸಿಕ್ರೆ ಸಾಕಾ?”

“ಅಯ್ಯೋ, ಅಲ್ಲ ಕಣ್ರೀ!” ಗಾಬರಿಯಲ್ಲಿ ‘ಮೇಡಂ’ ಎನ್ನುವುದೂ ಮರೆತುಹೋಯಿತು. “ಪುಸ್ತಕ ನಿಂತುಹೋಗುತ್ತೆ ಅನ್ನೋ ಚಿಂತೇಲಿ ನೀವು ನಿರ್ಧಾರ ಮಾಡ್ಬಾರ್ದು. ಕೆಲಸ ಮುಗಿದಿದ್ರೆ ನಿಮ್ಮ ಬಗ್ಗೆ ಮಾತ್ರ ಯೋಚಿಸ್ತೀರಲ್ಲ! ಅರ್ಧವೋ ಪೂರ್ತಿಯೋ, ಧ್ವನಿ ಇರ್ಲಿ ಬಿಡ್ಲಿ... ನನಗೆ ನೀವು ಬೇಕು.”

ಅವಳು ಮುಂದಿನ ಪುಟ ತಿರುಗಿಸಿದಳು. ಪುಸ್ತಕ ಮುಗಿಸಿ ನೇರ ಸರ್ಜನ್ ಹತ್ತಿರ ಹೋದಳು.

“ಎಡಗಡೆ ಹೇಗಿದೆ ಡಾಕ್ಟ್ರೇ?”

“ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲಮ್ಮ.”

“ಹಾಗಾದ್ರೆ ಬಲಗಡೆ ಮಾತ್ರ ತೆಗೀರಿ. ಮತ್ತೊಮ್ಮೆ ಆಪರೇಷನ್ ಬೇಕಾಗಿ ಬಂದ್ರೆ ಮಾಡಿಸ್ಕೊಳ್ತೀನಿ.”

ತೆಗೆದ ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಪುಣ್ಯಕ್ಕೆ ತೀರಾ ಸಣ್ಣದು, ಎಲ್ಲಿಗೂ ಹರಡಿರಲಿಲ್ಲ. ಇನ್ನೊಂದು ಆಪರೇಷನ್ ಬೇಡ, ತಪಾಸಣೆಗೆ ಬರುತ್ತಿದ್ದರೆ ಸಾಕು ಎಂದರು ಸರ್ಜನ್. ಅಮ್ಮ ಆಸ್ಪತ್ರೆಯ ಕಾರಿಡಾರಿನಲ್ಲೇ ಗೊಳೋ ಎಂದು ಅತ್ತುಬಿಟ್ಟರು.

ಗಾಯ ಮಾಗಿದ ಮೇಲೆ ಅವಳು ಮತ್ತೆ ಮೈಕಿನ ಮುಂದೆ ಕೂತಳು. ಧ್ವನಿ ಇನ್ನೂ ಒರಟಾಗಿತ್ತು.

“ಒಂದು ಉತ್ತರ ಬಾಕಿ ಇತ್ತು... ನನಗೂ ನೀವೇ ಬೇಕು.”

ಗಾಜಿನಾಚೆ ಅವನು ಕಣ್ಣೊರೆಸಿಕೊಂಡ. “ಇನ್ನೊಂದ್ಸಲ ಹೇಳಿ, ಪ್ಲೀಸ್...”

“ಮೊದ್ಲು ಕತ್ತು ನೋಡೋದು ಬಿಡಿ!”

“ಕತ್ತು ಯಾರು ನೋಡಿದ್ರು? ಇವತ್ತು ಮುಖ ನೋಡ್ತಿದೀನಿ.”